ಬಾವನ ಮಿಷನ್ನು, ವೆಲ್ಡರಣ್ಣನ ಡ್ರಮ್ಮು

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯೊಂದಿದೆಯಲ್ಲ, ಬಾಮೈದ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಎತ್ತು ಈಯುವ ಮೊದಲೇ ಕರುವಿಗೆ ಹಗ್ಗ ಹೊಸೆದಿಟ್ಟುಕೊಂಡಿರುವವನು. ಇಲ್ಲದಿದ್ದರೆ ಆ ಶನಿವಾರ ಬೆಳಿಗ್ಗೆ ಅಕ್ಕನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ ಹೊಸ ಚೀಲವನ್ನು ಒಂದು ಸಲ ತಿರುಗಿಸಿ ನೋಡುತ್ತಿದ್ದ. ನೋಡಲಿಲ್ಲ. ವಾರವಿಡೀ ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸಿ ಸಂಬಳ ತರುವವನಿಗೆ ರಜೆಯ ದಿನವೂ ಚೀಟಿ ಓದು ಎನ್ನುವುದು ನ್ಯಾಯವಲ್ಲ.

ಚೀಲದ ಒಂದು ಮೂಲೆ ಹರಿದು ಒಂದಷ್ಟು ಗುಳಿಗೆಗಳು ನೆಲಕ್ಕೆ ಚೆಲ್ಲಿದ್ದವು. ಕಂದು ಬಣ್ಣ, ಬೆರಳಿನ ಗೆಣ್ಣಿನಷ್ಟು ಉದ್ದ, ಒಣ ಮರದ ವಾಸನೆ. ಅಕ್ಕ ಹಿತ್ತಲಿನಲ್ಲಿ ಮೊಟ್ಟೆಗೆಂದು ಎರಡು ಕೋಳಿ ಸಾಕಿಕೊಂಡಿದ್ದಳು. ಕೋಳಿಯ ಮೇವು ಹೀಗೆ ಗುಳಿಗೆಯಾಗಿ ಸಿಗುತ್ತದೆಂದು ಬಾಮೈದ ಎಲ್ಲೋ ನೋಡಿದ್ದ. ನೆನೆಸಿ ಹಾಕಿದರೆ ಕೋಳಿಗೆ ಚೆನ್ನಾಗಿ ಅರಗುತ್ತದೆಂದು ಎಲ್ಲೋ ಕೇಳಿದ್ದ. ಅವನ ಲೆಕ್ಕದಲ್ಲಿ ಎರಡು 'ಎಲ್ಲೋ' ಕೂಡಿದರೆ ಒಂದು 'ಖಂಡಿತ'. ಅದೂ ಅಲ್ಲದೆ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಪುಕ್ಕಟೆ ಇರುವವನು ಆಗಾಗ ಉಪಯೋಗಕ್ಕೆ ಬಂದಂತೆ ಕಾಣಿಸಿಕೊಳ್ಳಬೇಕಾಗುತ್ತದೆ. ಬಕೆಟ್ಟಿಗೆ ಧಾರಾಳವಾಗಿ ಗುಳಿಗೆ ಸುರಿದ, ಬಿಸಿನೀರು ಹುಯ್ದ, ಹಲ್ಲುಜ್ಜಲು ಹೋದ.

ಬರುವಷ್ಟರಲ್ಲಿ ಬಕೆಟ್ಟು ಉಬ್ಬಿ, ಅಂಚು ದಾಟಿ, ನೆಲದ ಮೇಲೆ ತೆವಳುತ್ತಿತ್ತು. ಗುಳಿಗೆ ಎಂಬುದು ಒಂದೂ ಉಳಿದಿರಲಿಲ್ಲ. ಕೈ ಹಾಕಿದರೆ ಒದ್ದೆ ಹೊಟ್ಟು, ಬರೀ ಮರದ ಹೊಟ್ಟು. ಹಿತ್ತಲ ಬಾಗಿಲಲ್ಲಿ ನಿಂತ ಕೋಳಿಗಳು ಒಂದು ಕಣ್ಣಿನಿಂದ ಬಕೆಟ್ಟನ್ನೂ ಇನ್ನೊಂದು ಕಣ್ಣಿನಿಂದ ಅವನನ್ನೂ ನೋಡಿ, ಯಾವುದೂ ತಿನ್ನಲು ಯೋಗ್ಯವಲ್ಲವೆಂದು ತಿರುಗಿ ಹೋದವು.

ಅಷ್ಟರಲ್ಲಿ ಬಾವ ಬಂದರು.

"ಏನೋ ಇದು?"

"ಕೋಳಿಗೆ ಹಾಕೋಣ ಅಂತ, ಬಾವ. ನೆನೆಸ್ದೆ."

ಬಾವ ಬಕೆಟ್ಟನ್ನು ನೋಡಿದರು, ಬಾಮೈದನನ್ನು ನೋಡಿದರು. "ಇದನ್ನ ಕೋಳಿಗೆ ಹಾಕಲ್ಲ ಕಣೋ. ಕೋಳೀನ ಇದರ ಮೇಲೆ ಹಾಕ್ತಾರೆ."

ಒಳಗಿನಿಂದ ಅಕ್ಕ ನಕ್ಕಿದ್ದು ಪಾತ್ರೆ ಬಿದ್ದ ಹಾಗೆ ಕೇಳಿಸಿತು. ಅದು ಪೆಲೆಟ್ ಗ್ರಿಲ್ ಎಂಬ ಒಲೆಗೆ ಹಾಕುವ ಮರದ ಗುಳಿಗೆಯೆಂದೂ, ಒಲೆ ಮಧ್ಯಾಹ್ನ ಬರುತ್ತದೆಂದೂ, ಅದನ್ನು ಇಳಿಸಿಕೊಳ್ಳಲೆಂದೇ ಬಾವ ಮಿಲ್ಲಿಗೆ ರಜೆ ಹಾಕಿದ್ದಾರೆಂದೂ ಆಮೇಲೆ ತಿಳಿಯಿತು. ಬಾವ ಒದ್ದೆ ಹೊಟ್ಟನ್ನು ಹಿಡಿಯಷ್ಟು ಎತ್ತಿ ಹಿಂಡಿ ಮೂಸಿದರು. ಅವರಿಗೂ ನಗು ಬಂತು.

"ನೋಡೇ ಇಲ್ಲಿ," ಎಂದು ಅಕ್ಕನನ್ನು ಕರೆದರು. "ಇಷ್ಟು ವರ್ಷ ಕಸ ಅಂತ ಗುಡಿಸಿ ಆಚೆ ಹಾಕಿದ್ದನ್ನ ಈಗ ಚೀಲದಲ್ಲಿ ಕೊಂಡ್ಕೊಂಡ್ ಬಂದಿದೀನಿ."

"ಇನ್ನೂ ಎರಡು ದಿನ ತಡೆದಿದ್ರೆ ನಿಮ್ಮ ಪ್ಯಾಂಟಿನ ಮಡಿಕೇಲೇ ಒಂದು ಚೀಲ ಸಿಗ್ತಿತ್ತು," ಎಂದಳು ಅಕ್ಕ.

ಮಾತು ಸುಳ್ಳಲ್ಲ. ಬಾವ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು. ಅವರ ಹುಬ್ಬಿನಲ್ಲಿ, ಕಿವಿಯ ಮಡಿಕೆಯಲ್ಲಿ, ಊಟದ ಡಬ್ಬಿಯ ತಿರುಪಿನಲ್ಲಿ ಹೊಟ್ಟು. ಎಡಗೈ ಕಿರುಬೆರಳಿನ ತುದಿಯನ್ನು ಗರಗಸಕ್ಕೆ ಕೊಟ್ಟಿದ್ದರು. ಅದರ ಬಗ್ಗೆ ಯಾರಾದರೂ ಮರುಗಿದರೆ "ಅದು ಕೇಳಿದ್ದು ಅಷ್ಟೇ, ಅಷ್ಟೇ ಕೊಟ್ಟೆ" ಎಂದು ಮಾತು ಮುಗಿಸುತ್ತಿದ್ದರು. ಮಿಲ್ಲಿನ ಸೈರನ್ನಿನಂಥದೇ ಒಂದು ಅವರ ಹೊಟ್ಟೆಯೊಳಗೂ ಇತ್ತು. ಒಂದು ಗಂಟೆಗೆ ಅದು ಕೂಗಿದರೆ ತಟ್ಟೆ ಮುಂದಿರಬೇಕು. ವಾರದಲ್ಲಿ ಆರು ದಿನ ಇರುತ್ತಿತ್ತು. ಏಳನೆಯ ದಿನ ಮಾತ್ರ ವೆಲ್ಡರಣ್ಣನ ಕೈಯಲ್ಲಿತ್ತು.

ವೆಲ್ಡರಣ್ಣ ಎಂದರೆ ಬಾವನ ಸ್ವಂತ ಅಣ್ಣ. ಪೇಟೆಯ ಕೊನೆಯಲ್ಲಿ ಗುಜರಿ ಅಂಗಡಿಯ ಪಕ್ಕ ಅವರ ವೆಲ್ಡಿಂಗ್ ಅಂಗಡಿ, ಅದರ ಹಿಂದೆಯೇ ಒಂದು ಕೋಣೆಯಲ್ಲಿ ವಾಸ. ಮದುವೆಯ ಗೊಡವೆಗೆ ಹೋಗಲಿಲ್ಲ. ಕೇಳಿದರೆ "ಎರಡು ಕಬ್ಬಿಣ ಬೆಸೆಯೋದು ಗೊತ್ತು, ಅದರಾಚೆ ಗೊತ್ತಿಲ್ಲ" ಎನ್ನುತ್ತಿದ್ದರು. ಎಣ್ಣೆಯ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಕಾಲು ಬೆಸೆದು, ಹಳೆಯ ಮೋಟಾರು ಸೈಕಲ್ಲಿನ ಕಾಲ್ಮೆಟ್ಟನ್ನೇ ಮುಚ್ಚಳದ ಹಿಡಿ ಮಾಡಿ ತಮ್ಮನ ಹಿತ್ತಲಿಗೆ ಒಂದು ಒಲೆ ತಂದಿಟ್ಟವರು ಅವರೇ. ಶನಿವಾರ ಬಾವ ಮಿಲ್ಲಿನಿಂದ ಮರದ ತುಂಡುಗಳನ್ನು ತರುವುದು, ಭಾನುವಾರ ವೆಲ್ಡರಣ್ಣ ಕೈಗೊಡಲಿ ಹಿಡಿದು ಬಂದು ಅವನ್ನು ಸೀಳುವುದು, ಸೀಳಿದ್ದನ್ನು ಹೊತ್ತಿಸುವುದು, ಹೊತ್ತಿದ್ದು ಉರಿದು ನಿಗಿನಿಗಿ ಕೆಂಡವಾಗುವವರೆಗೂ ಕಾಯುವುದು. ಕೋಳಿಗೆ ಉಪ್ಪು ಮೆಣಸು ಹಚ್ಚಿ ಅಕ್ಕ ಹತ್ತಕ್ಕೇ ತಯಾರು. ಕೆಂಡ ತಯಾರಾಗಬೇಕಲ್ಲ.

"ಅಣ್ಣ, ಇಡೋಣವಾ?"

"ಉರಿ ಇದೆ ಇನ್ನೂ."

"ಜನ ಸಾಯ್ತಿದಾರೆ."

"ಜನ ಸತ್ತರೂ ಉರಿ ಮೇಲೆ ಇಡಕ್ಕಾಗಲ್ಲ. ಹೊರಗೆ ಕರಕು, ಒಳಗೆ ಹಸಿ. ರಟ್ಟು ಹಿಡಿ, ಬೀಸು."

ಊಟ ಮೂರಕ್ಕೆ. ಒಮ್ಮೊಮ್ಮೆ ನಾಲ್ಕಕ್ಕೆ. ಅಕ್ಕನ ಇಬ್ಬರು ಹೆಣ್ಣುಮಕ್ಕಳು ಬ್ರೆಡ್ಡು ತಿಂದು ಹೊಟ್ಟೆ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಹಸಿದವನಿಗೆ ಹಳಸಿದ್ದೂ ಮೃಷ್ಟಾನ್ನ, ವೆಲ್ಡರಣ್ಣನ ಕೋಳಿಗೆ ಇಷ್ಟು ಹೆಸರು ಬಂದಿರುವುದೇ ಆ ಲೆಕ್ಕದಲ್ಲಿ ಎಂದು ಬಾಮೈದ ಹಾಸ್ಯ ಮಾಡುತ್ತಿದ್ದ. ಮಾಡಿ, ಎರಡು ಕಾಲು ತಿನ್ನುತ್ತಿದ್ದ.

ಆ ಮನೆಗೆ ಬಂದ ಹೊಸತರಲ್ಲಿ, ಈ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರಾ ಎಂದು ಅವನು ಅಕ್ಕನನ್ನು ಕೇಳಿದ್ದುಂಟು. ದಾರಿಯಲ್ಲಿ ಎದುರಾದರೆ ಒಬ್ಬರು ಗದ್ದ ಎತ್ತುತ್ತಿದ್ದರು, ಇನ್ನೊಬ್ಬರು ಗದ್ದ ಇಳಿಸುತ್ತಿದ್ದರು, ಮುಗಿಯಿತು. "ಭಾನುವಾರದ ತನಕ ತಡ್ಕೊ" ಎಂದಿದ್ದಳು ಅಕ್ಕ. ಭಾನುವಾರ ನೋಡಿದರೆ ನಿಜ. ವೆಲ್ಡರಣ್ಣ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ, ಬಾವ ಮೂರು ಕಾಲಿನ ಸ್ಟೂಲಿನ ಮೇಲೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಇಬ್ಬರೂ ಬೆಂಕಿಯನ್ನು ನೋಡುತ್ತಿದ್ದರು. ಬೆಂಕಿಗೆ ಹೇಳಿದ ಹಾಗೆ ಹೇಳಿ, ಬೆಂಕಿಯಿಂದಲೇ ಉತ್ತರ ಬಂತೆಂಬ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಅಪ್ಪನಿಗೆ ಆಪರೇಷನ್ ಮಾಡಿಸುವುದೋ ಬೇಡವೋ ಎಂಬುದು ಆ ಡ್ರಮ್ಮಿನ ಮುಂದೆಯೇ ತೀರ್ಮಾನವಾಗಿತ್ತಂತೆ. ಅಕ್ಕನನ್ನು ನೋಡಿ ಬಂದ ಮೇಲೆ ಬಾವ "ಆಗಬಹುದು" ಎಂದದ್ದೂ ಅಲ್ಲಿಯೇ. "ನಾನು ಈ ಮನೆಗೆ ಬಂದಿದ್ದು ಕೆಂಡದ ಒಪ್ಪಿಗೆ ಮೇಲೆ" ಎಂದು ಅಕ್ಕ ಹೇಳಿಕೊಳ್ಳುತ್ತಿದ್ದಳು.

ಹೀಗಿರುವಾಗ ಬಾವ ಒಂದು ಭಾನುವಾರ ಮಿಲ್ಲಿನ ಮಾಲೀಕರ ಮನೆಗೆ ಹಲಗೆ ಇಳಿಸಲು ಹೋದರು. ಹಿತ್ತಲಿನಲ್ಲಿ ಕಪ್ಪನೆಯ ಪೀಪಾಯಿಯಂಥ ಒಂದು ಒಲೆ. ಪಕ್ಕದ ಡಬ್ಬಕ್ಕೆ ಗುಳಿಗೆ ಸುರಿದು, ಗುಂಡಿ ತಿರುಗಿಸಿ, ಎಷ್ಟು ಬಿಸಿ ಬೇಕೆಂದು ಅಂಕಿ ಒತ್ತಿದರು. ಒಳಗೊಂದು ತಿರುಪು ಗುಳಿಗೆಯನ್ನು ತಾನೇ ತಳ್ಳುತ್ತದೆ, ಬೆಂಕಿ ತಾನೇ ಹೊತ್ತುತ್ತದೆ, ಫ್ಯಾನು ತಾನೇ ಬೀಸುತ್ತದೆ. ಮಾಲೀಕರು ಪೇಪರು ಓದುತ್ತಾ ಕೂತಿದ್ದರು. ಸೈರನ್ನಿನ ಹೊತ್ತಿಗೆ ಸರಿಯಾಗಿ ಮಾಂಸ ತಟ್ಟೆಗೆ ಬಂತು. ಬಾವನಿಗೂ ಒಂದು ತುಂಡು ಕೊಟ್ಟರು. ಅವತ್ತು ಮನೆಗೆ ಬಂದ ಬಾವ ಹಿತ್ತಲಿನಲ್ಲಿ ಕಣ್ಣುಜ್ಜಿಕೊಳ್ಳುತ್ತ, ಕೆಮ್ಮುತ್ತ, ಕೆಂಡ ಕೆದಕುತ್ತಿದ್ದ ಅಣ್ಣನನ್ನು ಬಹಳ ಹೊತ್ತು ನೋಡಿದರು. ಇವರಿಗೆ ಯಾಕೆ ಈ ಕಷ್ಟ ಎಂದುಕೊಂಡರು. ಒಲೆ ಕೊಂಡಿದ್ದರ ಹಿಂದೆ ಹೊಟ್ಟೆಯ ಸೈರನ್ನಿನ ಪಾಲೆಷ್ಟು, ಅಣ್ಣನ ಮೇಲಿನ ಕರುಣೆಯ ಪಾಲೆಷ್ಟು ಎಂದು ಬಾಮೈದ ಆಮೇಲೆ ಎಷ್ಟೋ ಸಲ ತೂಗಿ ನೋಡಿದ್ದಾನೆ. ತಕ್ಕಡಿ ಸಮವೇ ನಿಲ್ಲುತ್ತದೆ. ತೊಂದರೆ ಇರುವುದೇ ಅಲ್ಲಿ. ಕೆಟ್ಟ ಮನಸ್ಸಿನಿಂದ ಕೊಂಡಿದ್ದರೆ ಬಯ್ದಾದರೂ ಮುಗಿಸಬಹುದಿತ್ತು.

ಮಿಷನ್ನು ಬಂತು. ಬೆಲೆ ಎಷ್ಟೆಂದು ಅಕ್ಕನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಓದಿದವನು ಎಂಬ ಅಪವಾದದ ಮೇಲೆ ಅದನ್ನು ಮೊಬೈಲಿಗೆ ಜೋಡಿಸುವ ಕೆಲಸ ಬಾಮೈದನ ಪಾಲಿಗೆ ಬಂತು. ಮೊದಲು ಅವನು ಜೋಡಿಸಿದ್ದು ಪಕ್ಕದ ಮನೆಯ ಟೀವಿಗೆ. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಮರುದಿನ ಭಾನುವಾರ. ಡ್ರಮ್ಮನ್ನು ಕಾಂಪೌಂಡಿನ ಮೂಲೆಗೆ ತಳ್ಳಿ, ಅದು ನಿಲ್ಲುತ್ತಿದ್ದ ಜಾಗದಲ್ಲೇ ಮಿಷನ್ನನ್ನು ನಿಲ್ಲಿಸಿದ್ದರು. ವೆಲ್ಡರಣ್ಣ ಎಂದಿನಂತೆ ಕೈಗೊಡಲಿ ಹಿಡಿದು ಬಂದರು.

"ಮರ ಎಲ್ಲೋ?"

ಬಾವ ಒಂದು ಹಿಡಿ ಗುಳಿಗೆ ಎತ್ತಿ ತೋರಿಸಿದರು. ಮುಖದಲ್ಲಿ ಮೊದಲ ಸಂಬಳ ತಂದ ಹುಡುಗನ ಬೆಳಕು. "ಇದೇ ಮರ. ಸೀಳೋದಿಲ್ಲ, ಊದೋದಿಲ್ಲ, ಬೀಸೋದಿಲ್ಲ. ಎಲ್ಲಾ ಅದೇ ಮಾಡ್ಕೊಳತ್ತೆ. ಇಷ್ಟು ದಿನ ಮಾಡಿದ್ದು ಸಾಕಣ್ಣ. ಇನ್ಮೇಲೆ ನೀನು ಸುಮ್ನೆ ಕೂತ್ಕೊ. ಸುಮ್ನೆ ಕೂತ್ಕೊಂಡು ತಿನ್ನು."

ವೆಲ್ಡರಣ್ಣ ಮಿಷನ್ನಿನ ಸುತ್ತ ಒಂದು ಸುತ್ತು ಬಂದರು. ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಬಗ್ಗಿ ಕಾಲಿನ ಹತ್ತಿರ ಸವರಿ ನೋಡಿ, "ಬೆಸುಗೆ ಚೆನ್ನಾಗಿದೆ" ಎಂದರು. ಆಮೇಲೆ ತಮ್ಮ ಪೆಟ್ಟಿಗೆಯ ಕಡೆ ತಿರುಗಿದರು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬೆನ್ನಿರುವ ಕುರ್ಚಿ ತಂದುಕೊಟ್ಟಳು. ಕೂತರು. ಕೈಗೊಡಲಿಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು.

ಮಿಷನ್ನು ಹದವಾಗಿ ಗುಂಯ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ವೆಲ್ಡರಣ್ಣ ಎದ್ದು ಮುಚ್ಚಳ ಎತ್ತಿದರು.

"ತೆಗೀಬೇಡ ಅಣ್ಣ, ಬಿಸಿ ಆಚೆ ಹೋಗತ್ತೆ."

ಮುಚ್ಚಿದರು. ಕೂತರು. ಬೆಂಕಿ ಕಾಣುತ್ತಿರಲಿಲ್ಲ. ಬೆಂಕಿ ಇರಬೇಕಾದ ಕಡೆ ಒಂದು ಅಂಕಿ ಕಾಣುತ್ತಿತ್ತು. ಅಣ್ಣತಮ್ಮಂದಿರಿಬ್ಬರೂ ಆ ಅಂಕಿಯನ್ನು ನೋಡುತ್ತಾ ಕೂತರು. ಅಂಕಿಗೆ ಏನು ಹೇಳಲು ಸಾಧ್ಯ?

ಸೈರನ್ನಿನ ಹೊತ್ತಿಗೆ ಸರಿಯಾಗಿ ಊಟ. ತೊಗಲು ಗರಿಗರಿ, ಮಾಂಸ ಮೆತ್ತಗೆ, ಜೋಳದ ತೆನೆಗೆ ಹದವಾದ ಹೊಗೆಯ ಪರಿಮಳ. ಹುಡುಗಿಯರು ಚಪ್ಪಾಳೆ ತಟ್ಟಿದರು. ವೆಲ್ಡರಣ್ಣನೂ "ಚೆನ್ನಾಗಿದೆ ಕಣೋ, ನಿಜವಾಗ್ಲೂ ಚೆನ್ನಾಗಿದೆ" ಎಂದರು. ತಿಂದರು, ಕೈ ತೊಳೆದರು, ಹೊರಟರು. ದೀಪ ಹಚ್ಚುವ ಹೊತ್ತಿನ ತನಕ ಇರುತ್ತಿದ್ದವರು ಬಿಸಿಲಿರುವಾಗಲೇ ಗೇಟು ದಾಟಿದರು. ಬಾವ ಅದನ್ನು ಗಮನಿಸಲಿಲ್ಲ. ಅವರು ತಳದ ತಟ್ಟೆಯ ಜಿಡ್ಡು ಒರೆಸುತ್ತಿದ್ದರು.

ಮುಂದಿನ ಭಾನುವಾರ ವೆಲ್ಡರಣ್ಣ ಊಟದ ಹೊತ್ತಿಗೆ ಸರಿಯಾಗಿ ಬಂದರು. ತೊಳೆದ ಅಂಗಿ, ಕೈಯಲ್ಲಿ ಕೊಡಲಿಯಿಲ್ಲ. ಒಂದು ಚೀಲ ಹಣ್ಣಿತ್ತು. ಅವರು ಹೋದ ಮೇಲೆ ಅಕ್ಕ ಆ ಚೀಲವನ್ನು ಮೇಜಿನ ಮೇಲಿಟ್ಟು ನೋಡುತ್ತಾ ನಿಂತಳು.

"ಹಣ್ಣು ತಂದಿದಾರೆ ಕಣ್ರೀ."

"ತಂದ್ರೆ ತಿನ್ನು."

"ಈ ಮನೆಗೆ ಅವ್ರು ಯಾವತ್ತಾದ್ರೂ ಹಣ್ಣು ಹಿಡ್ಕೊಂಡು ಬಂದಿದ್ರಾ? ಹಣ್ಣು ತರೋರು ನೆಂಟರು."

ಅದರ ಮುಂದಿನ ವಾರ ವೆಲ್ಡರಣ್ಣ ಬರಲಿಲ್ಲ. ಯಾರದೋ ಗೇಟಿನ ಕೆಲಸವಂತೆ. ಅದರ ಮುಂದಿನ ವಾರವೂ ಗೇಟು. ಊರಿನಲ್ಲಿ ಇಷ್ಟೊಂದು ಗೇಟುಗಳಿವೆಯೆಂದು ಬಾಮೈದನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಫೋನು ಮಾಡಿದರೆ ನಗುನಗುತ್ತಲೇ ಮಾತಾಡುತ್ತಿದ್ದರು. ಜಗಳವಾಗಿದ್ದರೆ ರಾಜಿ ಮಾಡಿಸಲು ಯಾರನ್ನಾದರೂ ಕರೆಯಬಹುದು. ಜಗಳವೇ ಆಗದಿದ್ದರೆ ಯಾರನ್ನು ಕರೆಯುವುದು?

ಬಾವನಿಗೆ ಮೊದಲು ಸಿಟ್ಟು ಬಂತು. "ಒಳ್ಳೇದಕ್ಕೆ ಮಾಡಿದ್ದು. ಹೊಗೆ ಕುಡಿಯೋದು ತಪ್ಪಿಸಿದ್ದಕ್ಕೆ ಮುಖ ತಿರುಗಿಸ್ಕೊಂಡ್ರೆ ನಾನೇನ್ ಮಾಡ್ಲಿ?" ಎಂದು ಮಿಷನ್ನಿಗೆ ಹೇಳಿದರು. ಆ ಸಿಟ್ಟಿನ ಬಿಸಿಯಲ್ಲೇ, ಬೀದಿಯಲ್ಲಿ ಬಂದ ಗುಜರಿ ವ್ಯಾನನ್ನು ನಿಲ್ಲಿಸಿ, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಡ್ರಮ್ಮನ್ನು ಎತ್ತಿ ಹಾಕಿಬಿಟ್ಟರು. ಅಕ್ಕ ಬಾಗಿಲಿಗೆ ಬರುವಷ್ಟರಲ್ಲಿ ವ್ಯಾನು ತಿರುವು ದಾಟಿತ್ತು.

"ಅಲ್ರೀ, ಆ ಗುಜರಿಯವನ ಅಂಗಡಿ ಎಲ್ಲಿದೆ ಗೊತ್ತಾ?"

ಬಾವನಿಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. ಅಡ್ಡಹಲಗೆ ಗರಗಸಕ್ಕೆ ಸಿಕ್ಕಿದ ಮೇಲೆ ಕೂಗಿ ಪ್ರಯೋಜನವಿಲ್ಲ ಎಂದು ಅವರೇ ಮಿಲ್ಲಿನ ಹೊಸಬರಿಗೆ ಹೇಳಿಕೊಡುತ್ತಿದ್ದ ಮಾತು.

ಮರುದಿನ ಕೆಲಸಕ್ಕೆ ಹೋಗುವಾಗ ಬಾಮೈದ ಬಸ್ಸಿನ ಕಿಟಕಿಯಿಂದ ನೋಡಿದ. ಗುಜರಿ ಅಂಗಡಿಯ ಮುಂದೆ, ವೆಲ್ಡರಣ್ಣನ ಶಟರಿಗೆ ಹತ್ತು ಮಾರು ದೂರದಲ್ಲಿ, ಡ್ರಮ್ಮು ಕಾಲು ಮೇಲೆ ಮಾಡಿ ಬಿದ್ದಿತ್ತು. ಮೋಟಾರು ಸೈಕಲ್ಲಿನ ಹಿಡಿ ಬಿಸಿಲಿಗೆ ಹೊಳೆಯುತ್ತಿತ್ತು. ಸಂಜೆ ಬರುವಾಗ ಅದು ಅಲ್ಲಿರಲಿಲ್ಲ. ಮನೆಗೆ ಬಂದವನು ಬಾಯಿ ಸುಮ್ಮನಿರಲಾರದೆ, "ಬಾವ, ನಮ್ಮ ಡ್ರಮ್ಮು ಈಗಾಗ್ಲೇ ಯಾವ್ದೋ ಊರಿನ ಕಬ್ಬಿಣದ ಸರಳಾಗಿರತ್ತೆ" ಎಂದ. ಬಾವ ಊಟದ ಮಧ್ಯೆ ಎದ್ದು ಕೈ ತೊಳೆದರು. ಬಾಮೈದನ ಹಾಸ್ಯಕ್ಕೆ ಹೀಗೆ ಊಟ ಬಿಟ್ಟವರು ಮೊದಲೂ ಇದ್ದರು, ಆದರೆ ಅವರೆಲ್ಲ ನಗುವನ್ನು ತಡೆಯಲಾರದೆ ಎದ್ದದ್ದೆಂದು ಅವನು ನಂಬಿಕೊಂಡಿದ್ದ.

ಆಮೇಲಿನ ತಿಂಗಳುಗಳಲ್ಲಿ ಮಿಷನ್ನು ಯಾವ ತಪ್ಪನ್ನೂ ಮಾಡಲಿಲ್ಲ. ಬಾವ ಅದನ್ನು ಕೂಸಿನ ಹಾಗೆ ನೋಡಿಕೊಂಡರು. ಬೂದಿ ತೆಗೆದರು, ಪಕ್ಕದಲ್ಲಿ ತೂಗುವ ಪುಟ್ಟ ಬಕೆಟ್ಟಿನ ಜಿಡ್ಡು ಚೆಲ್ಲಿದರು, ಮಳೆಗೆ ಹೊದಿಕೆ ಹೊದಿಸಿದರು, ಗುಳಿಗೆಯ ಚೀಲವನ್ನು ತೇವ ತಾಗದಂತೆ ಮಂಚದ ಕೆಳಗೆ ಸೇರಿಸಿದರು. ಕೋಳಿ, ಮೀನು, ಆಲೂಗಡ್ಡೆ, ಕುಂಬಳಕಾಯಿಯ ಹೋಳು, ಹಾಕಿದ್ದೆಲ್ಲ ಹದವಾಗಿ ಬಂತು. ಊಟ ಹೊತ್ತಿಗೆ ಮುಗಿಯಿತು. ಮುಗಿದೊಡನೆ ಹುಡುಗಿಯರು ತಮ್ಮ ಕೋಣೆಗೆ, ಅಕ್ಕ ತನ್ನ ನಿದ್ದೆಗೆ, ಬಾಮೈದ ತನ್ನ ಮಹಡಿಗೆ. ಭಾನುವಾರ ಎಂಬುದು ಊಟದ ಜೊತೆಗೇ ಮುಗಿದುಹೋಗುತ್ತಿತ್ತು. ಹಸಿದುಕೊಂಡು ಬೈದುಕೊಂಡು ಕಳೆದ ಆ ಉದ್ದನೆಯ ಮಧ್ಯಾಹ್ನಗಳು ಊಟಕ್ಕಾಗಿ ಕಾದದ್ದಲ್ಲ, ಅವೇ ಭಾನುವಾರವಾಗಿದ್ದವು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಹಡಿಯ ಕಿಟಕಿಯಿಂದ ಬಾಮೈದನಿಗೆ ಹಿತ್ತಲು ಕಾಣುತ್ತಿತ್ತು. ಬಾವ ಸ್ಟೂಲಿನ ಮೇಲೆ ಮಿಷನ್ನಿಗೆ ಎದುರಾಗಿ ಒಬ್ಬರೇ ಕೂತಿರುತ್ತಿದ್ದರು. ಪಕ್ಕದಲ್ಲಿ ಬೋರಲು ಪೆಟ್ಟಿಗೆ ಹಾಗೇ ಇತ್ತು. ಅದನ್ನು ಯಾರೂ ಎತ್ತಿಡಲಿಲ್ಲ. ಆಗಾಗ ಬಾವ ಎದ್ದು, ಕಾರಣವಿಲ್ಲದೆ ಮುಚ್ಚಳ ಎತ್ತಿ ಒಳಗೆ ನೋಡಿ, ಬಿಸಿಯನ್ನೆಲ್ಲ ಆಚೆ ಬಿಟ್ಟು, ಮತ್ತೆ ಮುಚ್ಚುತ್ತಿದ್ದರು.

"ಹೋಗಿ ಕರ್ಕೊಂಡ್ ಬನ್ನಿ," ಎಂದಳು ಒಂದು ದಿನ ಅಕ್ಕ. "ನಿಮ್ಮಣ್ಣ ತಾನೆ? ಬಾ ಅಂದ್ರೆ ಬರಲ್ವಾ?"

"ಏನಕ್ಕೆ ಬಾ ಅನ್ಲಿ? ತಿನ್ನೋಕಾ? ಅವ್ನಿಗೆ ತಿನ್ನೋದಕ್ಕೆ ಇಲ್ವಾ?"

ಬಾಮೈದನಿಗೆ ಆಗ ತಿಳಿಯಿತು. ಎರಡು ಆಳು ಎತ್ತುವ ದಿಮ್ಮಿಯನ್ನು ಒಬ್ಬರೇ ಎತ್ತುವ ಬಾವನಿಗೆ 'ಬಾ' ಎಂಬ ಒಂದಕ್ಷರ ಎತ್ತಲಾಗುತ್ತಿಲ್ಲ. ಕೆಲಸದ ನೆವವಿಲ್ಲದೆ ಒಬ್ಬರನ್ನೊಬ್ಬರು ಕರೆದು ಆ ಅಣ್ಣತಮ್ಮಂದಿರಿಗೆ ಅಭ್ಯಾಸವೇ ಇಲ್ಲ. ಆ ನೆವವನ್ನು ಬಾವ ತಾವೇ ಕೈಯಾರೆ ವ್ಯಾನಿಗೆ ಎತ್ತಿ ಹಾಕಿದ್ದರು. ಇನ್ನು ಅಣ್ಣ ಆ ಪೆಟ್ಟಿಗೆಯ ಮೇಲೆ ಬಂದು ಕೂರುವುದುಂಟೋ ಇಲ್ಲವೋ ಎಂಬುದೊಂದೇ ಬಾವನ ತಲೆಯಲ್ಲಿ ಗರಗಸದಂತೆ ಓಡುತ್ತಿತ್ತು.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಬಾಮೈದ ಟವೆಲು ಒಣಹಾಕಲು ಹಿತ್ತಲಿಗೆ ಬಂದ. ಬಾವ ಮಿಷನ್ನಿನ ಪಕ್ಕ ನಿಂತಿದ್ದರು. ಗುಳಿಗೆ ತುಂಬಿದ ಡಬ್ಬದ ಮುಚ್ಚಳ ತೆರೆದಿತ್ತು. ಕೈಯಲ್ಲಿ ಕಾಫಿಗೆ ನೀರು ಕಾಯಿಸುವ ಕೆಟಲ್ಲು. ಗಿಡಕ್ಕೆ ಹಾಕುವ ಹಾಗೆ, ನಿಧಾನವಾಗಿ, ಸುತ್ತಲೂ ಬೀಳುವಂತೆ ನೀರು ಹುಯ್ಯುತ್ತಿದ್ದರು.

"ಬಾವ! ಏನ್ ಮಾಡ್ತಿದೀರಾ? ಅದು ಉಬ್ಬತ್ತೆ! ತಿರುಪೆಲ್ಲ ಕಚ್ಕೊಂಡ್ ಬಿಡತ್ತೆ!"

"ಗೊತ್ತು. ನೀನೇ ಹೇಳಿಕೊಟ್ಟ ವಿದ್ಯೆ." ಕೆಟಲ್ಲು ಖಾಲಿಯಾಗುವವರೆಗೂ ಹುಯ್ದರು. "ಬಾಯಿ ಮುಚ್ಕೊಂಡಿರು."

ಆಮೇಲೆ ಗುಂಡಿ ತಿರುಗಿಸಿದರು. ಮಿಷನ್ನು ಗುಂಯ್ ಎಂದಿತು, ಗೊರ್ ಎಂದಿತು, ಕಟಕಟ ಹಲ್ಲು ಕಡಿದು ನಿಂತಿತು. ಬಾವ ಅಂಗೈ ಒರೆಸಿಕೊಂಡು ಫೋನು ತೆಗೆದರು.

"ಅಣ್ಣ, ಮಿಷನ್ನು ಕೆಟ್ಟೋಗಿದೆ. ಕೋಳಿ ಎಲ್ಲಾ ತಂದಿಟ್ಟಿದೀವಿ. ಇಲ್ಲಿ ಯಾರಿಗೂ ಬೆಂಕಿ ಹಚ್ಚಕ್ಕೆ ಬರಲ್ಲ." ಕೊನೆಗೆ ದಿಮ್ಮಿ ಎತ್ತಿದ ಹಾಗೆ ಹೇಳಿದರು, "ಬಾ."

ಆ ಕಡೆಯಿಂದ ಏನು ಬಂತೋ ಬಾಮೈದನಿಗೆ ಕೇಳಿಸಲಿಲ್ಲ. ಬಾವ ಫೋನು ಇಟ್ಟು ಓಡಿಹೋಗಿ ಮಿಲ್ಲಿನ ಬೀಗ ತೆಗೆಸಿ ಒಂದು ಹೊರೆ ಮರ ತಂದರು. ಆಮೇಲೆ ಡ್ರಮ್ಮಿಲ್ಲ ಎಂಬುದು ನೆನಪಾಗಿ, ತಲೆಯ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕುಕ್ಕರಿಸಿದರು.

ಗೇಟಿನ ಮುಂದೆ ಗುಜರಿಯವನ ವ್ಯಾನು ಬಂದು ನಿಂತಿತು. ಹಿಂದೆ ಡ್ರಮ್ಮು. ತುಕ್ಕು ಉಜ್ಜಿ, ಸಡಿಲವಾಗಿದ್ದ ಒಂದು ಕಾಲನ್ನು ಹೊಸದಾಗಿ ಬೆಸೆದಾಗಿತ್ತು. ಬಾಮೈದ ಬಸ್ಸಿನಿಂದ ನೋಡಿದ ದಿ‌ನವೇ ವೆಲ್ಡರಣ್ಣ ಅದನ್ನು ತಮ್ಮ ಶಟರಿನೊಳಗೆ ಎಳೆದುಕೊಂಡಿದ್ದರು. ಯಾರೂ ಅದರ ಮಾತೆತ್ತಲಿಲ್ಲ. ಎತ್ತುವುದಕ್ಕೆ ಪುರಸೊತ್ತೂ ಇರಲಿಲ್ಲ, ಏಕೆಂದರೆ ಎಲ್ಲರೂ ಮುಂದಿನ ಬಾಗಿಲಿನಿಂದ ಇಳಿದ ವೆಲ್ಡರಣ್ಣನನ್ನು ನೋಡುತ್ತಿದ್ದರು. ಕಣ್ಣಿಗೆ ಅಗಲವಾದ ಕಪ್ಪು ಕನ್ನಡಕ. ಕಾಲಿನಿಂದ ನೆಲವನ್ನು ಹುಡುಕಿ, ಗುಜರಿಯವನ ಭುಜ ಹಿಡಿದು ಇಳಿದರು.

"ಕಣ್ಣಿಗೇನಾಯ್ತು?" ಬಾವನ ದನಿ ಸಣ್ಣದಾಗಿತ್ತು.

"ಪೊರೆ ತೆಗೆಸ್ದೆ."

"ಯಾವಾಗ?"

"ಆಯ್ತು ಎರಡು ವಾರ."

"ಆಸ್ಪತ್ರೇಲಿ ಜೊತೆಗೆ ಯಾರಿದ್ರು?"

ವೆಲ್ಡರಣ್ಣ ತಾವು ಹಿಡಿದಿದ್ದ ಭುಜವನ್ನು ತಟ್ಟಿದರು. "ಇವ್ನಿದ್ದ." ಗುಜರಿಯವನು ಮುಜುಗರದಿಂದ ಡ್ರಮ್ಮು ಇಳಿಸಲು ಹೋದ.

"ಒಂದು ಮಾತು ಹೇಳ್ಬಾರ್ದಾ ಅಣ್ಣ?"

"ನೀನೇ ಅಂದ್ಯಲ್ಲ, ಸುಮ್ನೆ ಕೂತ್ಕೊ ಅಂತ." ವೆಲ್ಡರಣ್ಣನ ಮಾತಿನಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ಬಾವನಿಗೆ ಸುಲಭವಾಗುತ್ತಿತ್ತು. "ಕೂತಿದ್ದೆ."

ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಡ್ರಮ್ಮು ಇಳಿಯಿತು. ಆದರೆ ವೆಲ್ಡರಣ್ಣ ಅದರ ಹತ್ತಿರ ಬರಲಿಲ್ಲ. "ಹೊಗೆ ಹತ್ರ ಹೋಗ್ಬೇಡ ಅಂದಿದಾರೆ ಡಾಕ್ಟ್ರು. ಇಲ್ಲಿಂದ ಹೇಳ್ತೀನಿ, ನೀನು ಹಚ್ಚು" ಎಂದು ದೂರದ ಸೂರಿನಡಿ ಅಕ್ಕನ ಬೆನ್ನಿರುವ ಕುರ್ಚಿಯಲ್ಲಿ ಕೂತರು. ಬಾವ ವ್ಯಾನಿನಲ್ಲೇ ಬಂದಿದ್ದ ಅಣ್ಣನ ಕೈಗೊಡಲಿ ಹಿಡಿದು ಮರ ಸೀಳಿದರು, ದಪ್ಪ ದಪ್ಪ ಸೀಳು. ಜೀವಮಾನವಿಡೀ ಮರ ಕೊಯ್ದವರಿಗೆ ಮರ ಹೊತ್ತಿಸಲು ಬರಲಿಲ್ಲ. ಹೊತ್ತಿದ್ದು ಆರಿತು, ಆರಿದ್ದು ಹೊಗೆಯಾಯಿತು.

"ಸಣ್ಣ ಸೀಳು ಕೆಳಗೆ ಹಾಕೋ. ಉಸಿರಾಡಕ್ಕೆ ಜಾಗ ಬಿಡು."

"ಬಿಟ್ಟಿದೀನಿ!"

"ನಿಂಗಲ್ಲ, ಬೆಂಕಿಗೆ."

ಬಾಮೈದ ಗೋದಾಮಿನಿಂದ ತಂದ ರಟ್ಟಿನಿಂದ ಬೀಸಿದ. ಗಾಳಿ ತಿರುಗಿತು. ಹೊಗೆಯೆಲ್ಲ ನೆಟ್ಟಗೆ ಸೂರಿನ ಕಡೆ ಹೋಯಿತು. ಗುಜರಿಯವನು ಕುರ್ಚಿಸಮೇತ ವೆಲ್ಡರಣ್ಣನನ್ನು ಒಳಗೆಳೆದುಕೊಂಡ. ಉರಿ ಇಳಿಯುವ ಮೊದಲೇ ಹಸಿವಿಗೆ ಹೆದರಿ ಬಾವ ಕೋಳಿ ಇಟ್ಟುಬಿಟ್ಟರು. ಹೊರಗೆ ಕರಕು, ಒಳಗೆ ಹಸಿ. ಕೊನೆಗೆ ಅಕ್ಕ ಅದನ್ನೆಲ್ಲ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಬೇಯಲಿಟ್ಟಳು. ಕಣ್ಣು ಕೆಂಪಾಗಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಬಾವ ಡ್ರಮ್ಮಿನ ಮುಂದೆ ನಿಂತಿದ್ದರು. ಪಕ್ಕದಲ್ಲಿ ಬೋರಲು ಪೆಟ್ಟಿಗೆ. ಅದು ಇನ್ನೂ ಖಾಲಿ.

ಬೆಂಕಿ ಸತ್ತು ಹೊಗೆ ಅಡಗಿದ ಮೇಲೆ ವೆಲ್ಡರಣ್ಣ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಡ್ರಮ್ಮಿನ ಹತ್ತಿರವಲ್ಲ, ಮಿಷನ್ನಿನ ಹತ್ತಿರ ಹೋದರು. ಅದನ್ನು ಸವರಿದರು.

"ಡಾಕ್ಟ್ರು ಇದಾದ್ರೆ ಬೇಡ ಅಂತಿರ್ಲಿಲ್ಲ ಅನ್ಸತ್ತೆ ಕಣೋ. ಹೊಗೆ ಎಲ್ಲಿರತ್ತೆ ಇದ್ರಲ್ಲಿ. ನೀನು ಕರೆದಾಗ ನಾನು ಅದನ್ನೇ ಅಂದ್ಕೊಂಡೆ. ಒಂದು ಹೊತ್ತಲ್ಲಿ ರಿಪೇರಿ ಮಾಡ್ಬಿಟ್ರೆ ಇದರ ಪಕ್ಕದಲ್ಲೇ ಕೂತ್ಕೋಬಹುದು ಅಂತ."

ವೆಲ್ಡರಣ್ಣ ಡಬ್ಬದ ಮುಚ್ಚಳ ತೆರೆದು ಕೈ ಇಳಿಸಿದರು. ಒದ್ದೆ ಹೊಟ್ಟು ಮುಷ್ಟಿಯಲ್ಲಿ ಬಂತು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

"ಇದಕ್ಕೆ ನೀರು ಎಲ್ಲಿಂದ ಬಂತು? ಮಳೆ ಬಂದಿಲ್ಲ. ಹೊದಿಕೆ ಹೊದಿಸಿದೀಯಾ. ಹೇಗೆ ಕೆಟ್ಟೋಯ್ತು ಇದು?"

ಕೋಳಿಗಳು ಕೂಡ ಕೆದಕುವುದನ್ನು ನಿಲ್ಲಿಸಿದ ಹಾಗೆ ಬಾಮೈದನಿಗೆ ಅನಿಸಿತು. ಉಪಯೋಗಕ್ಕೆ ಬರುವ ಅವಕಾಶ ಕೊನೆಗೂ ಬಂದಿತ್ತು. ಗುಳಿಗೆಗೆ ನೀರು ಹುಯ್ಯುವ ದಡ್ಡ ಯಾರೆಂದು ಆ ಬೀದಿಗೆಲ್ಲ ಗೊತ್ತಿತ್ತು, ಅವನು ಒಪ್ಪಿಕೊಂಡರೆ ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ಅವನು ಬಾಯಿ ತೆರೆದ. "ಅದು, ಕೋಳಿಗೆ ಅಂತ ನಾನು..."

ಬಾವ ಕಿರುಬೆರಳ ತುದಿಯಿಲ್ಲದ ಕೈಯನ್ನು ಅಡ್ಡ ಹಿಡಿದರು. ಬಾಮೈದನ ಕಡೆ ನೋಡಲಿಲ್ಲ. ಆ ಕಪ್ಪು ಕನ್ನಡಕವನ್ನೇ, ಮೊದಲ ಸಲ, ನೇರವಾಗಿ ನೋಡುತ್ತಾ ಹೇಳಿದರು:

"ಕೆಟ್ಟಿದ್ದಲ್ಲ ಅಣ್ಣ. ನಾನೇ ಕೆಡಿಸಿದ್ದು."